ಶಾಖದ ದೀಪ

ಇಪ್ಪತ್ತೊಂದು ಮುಗಿಯಿತು. ಕಣ್ಣಿಗೆ ಕಟ್ಟಿದ ಕಪ್ಪು ಬಟ್ಟೆಯೊಳಗೆ ರೆಪ್ಪೆ ಬಿಗಿದುಕೊಂಡು ಅನಂತಮತಿ ಇಪ್ಪತ್ತೆರಡನೆಯ ಪಂಚನಮಸ್ಕಾರ ಶುರುಮಾಡಿದಳು. ಅವಳ ಎಡಗೈ ಮಣೆಯ ಮೇಲೆ ಚಾಚಿತ್ತು. ಮೊಣಕೈಗೆ ಮುಖಮಾಡಿ ಡಾಕ್ಟರ ಶಾಖದ ದೀಪ ನಿಂತಿತ್ತು. ಪಕ್ಕದಲ್ಲಿ ಕೂತು ಅತ್ತೆ ಸುನಂದಮ್ಮ ಬಸದಿಗೆ ಬತ್ತಿ ಹೊಸೆಯುತ್ತಿದ್ದರು. ಸೊಸೆಯ ತುಟಿ ಅಲುಗುವುದನ್ನು ಕಂಡರೆ ಯಾವ ಅತ್ತೆಗೆ ಸಂತೋಷವಾಗುವುದಿಲ್ಲ? ಕೈ ಕಾಯಿಸಿಕೊಳ್ಳುವಾಗಲೂ ಜಪ ಬಿಡದವಳು ಮೂಡಬಿದಿರೆಯಲ್ಲಿ ಎಷ್ಟು ಮನೆಗೆ ಸಿಕ್ಕಿದ್ದಾಳೆ!

ಆದರೆ ಅದು ಜಪವಲ್ಲ, ಹೊತ್ತು ಅಳೆಯುವ ಉಪಾಯ. ಮೂವತ್ತು ಆದ ಕೂಡಲೇ "ಸಾಕತ್ತೆ, ಸುಡ್ತದೆ" ಎಂದು ಕೈ ಎಳೆದುಕೊಳ್ಳಬೇಕು. ದೇವರ ಹೆಸರಿನಲ್ಲಿ ಸುಳ್ಳು ಹೇಳುವ ಪಾಪ ಎಷ್ಟು ಜನ್ಮಕ್ಕೆ ಅಂಟುತ್ತದೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿರಲಿಲ್ಲ. ಈ ಜನ್ಮದ ಹೆದರಿಕೆಯೇ ಅವಳಿಗೆ ಬೇಕಾದಷ್ಟಾಗಿತ್ತು.

ಮಳೆಗಾಲ ಮುಗಿದ ಮೇಲೆ ಎಡ ಮೊಣಕೈಯಿಂದ ಕಿರುಬೆರಳಿನವರೆಗೆ ಒಂದು ಸೆಳೆತ ಶುರುವಾಗಿತ್ತು. ಕಾಯಿ ತುರಿಯಲು ಕೂತರೆ ಜೀವ ಹೋದ ಹಾಗೆ. ಪೇಟೆಯ ಡಾಕ್ಟರು ಒತ್ತಿ ನೋಡಿ ವಾತ ಎಂದರು. ಮನೆಗೆ ಕರೆಂಟು ಬಂದಿದೆಯಲ್ಲ ಎಂದು ವಿಚಾರಿಸಿ, ತಮ್ಮಲ್ಲಿದ್ದ ಕೆಂಪು ಬುರುಡೆಯ ದೀಪವನ್ನು ಒಂದು ತಿಂಗಳ ಮಟ್ಟಿಗೆ ಕೊಟ್ಟರು. ಒಂದೂವರೆ ಮೊಳ ದೂರ ಇಡಬೇಕು, ದೀಪವನ್ನು ದಿಟ್ಟಿಸಬಾರದು, ಮೈಗೆ ಎಣ್ಣೆ ಇರಬಾರದು. "ಹಿತವಾಗಿ ಬೆಚ್ಚಗಿದ್ದರೆ ಸರಿ, ಸುಡ್ತದೆ ಅಂತ ಆದ ಕೂಡ್ಲೆ ತೆಗೀಬೇಕು. ಶಾಖ ಎಷ್ಟಾಯ್ತು ಅಂತ ದೀಪಕ್ಕೆ ಗೊತ್ತಾಗುವುದಿಲ್ಲ, ನಿಮ್ಮ ಚರ್ಮಕ್ಕೆ ಗೊತ್ತಾಗ್ತದೆ," ಎಂದಿದ್ದರು. ಕತ್ತಲಾದ ಮೇಲೆ ದೀಪ ಹಚ್ಚಿದರೆ ಹುಳುಹುಪ್ಪಟೆ ಬಂದು ಬಿದ್ದು ಸಾಯುತ್ತವೆ, ನಮ್ಮ ಮನೆಯಲ್ಲಿ ಅದು ಆಗದು ಎಂದು ಅತ್ತೆ ಮಧ್ಯಾಹ್ನ ಮೂರು ಗಂಟೆಯನ್ನು ಗೊತ್ತುಮಾಡಿದರು.

ಮೊದಲ ದಿನವೇ ಎಡವಟ್ಟಾಯಿತು. "ಬೆಚ್ಚಗಾಯ್ತಾ?" ಎಂದು ಅತ್ತೆ ಕೇಳಿದರು. "ಇನ್ನೂ ಇಲ್ಲ ಅತ್ತೆ." ಅತ್ತೆ ದೀಪವನ್ನು ಹತ್ತಿರ ತಂದರು. "ಈಗ?" "ಸ್ವಲ್ಪವೂ ಇಲ್ಲ." ಹೀಗೆ ಒಂದೂವರೆ ಮೊಳದ ದೀಪ ಒಂದು ಗೇಣಿಗೆ ಬಂದು ನಿಂತಿತು. ಕರೆಂಟಿಗೆ ಶಕ್ತಿಯಿಲ್ಲ, ಹೆಸರಿಗೆ ಮಾತ್ರ ಕರೆಂಟು ಎಂದು ಅತ್ತೆ ಗೊಣಗಿದರು. ಕೆಂಪು ಬೆಳಕಿನಲ್ಲಿ ಕೈ, ಮಣೆ, ಗೋಡೆ ಎಲ್ಲವೂ ಕೆಂಪಾಗಿದ್ದವು. ಚರ್ಮ ಕೆಂಪಾದದ್ದು ಯಾರಿಗೆ ಕಾಣಬೇಕು? ಸಂಜೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುವಾಗ ಮುಂಗೈಯ ಮೇಲೆ ನೆಲ್ಲಿಕಾಯಿ ಗಾತ್ರದ ಬೊಕ್ಕೆ ಎದ್ದಿರುವುದನ್ನು ಅನಂತಮತಿ ನೋಡಿದಳು. ನೋಡಿದ್ದರಿಂದ ಗೊತ್ತಾಯಿತು, ನೋವಿನಿಂದಲ್ಲ. ಬೊಕ್ಕೆಯನ್ನು ಬೆರಳಿನಿಂದ ಒತ್ತಿದಳು. ಉಗುರಿನಿಂದ ಚುಚ್ಚಿದಳು. ನೀರು ಹರಿಯಿತು, ಉರಿ ಇಲ್ಲ. ಸುತ್ತ ಇದ್ದ ಮಸುಕು ಮಚ್ಚೆಯನ್ನು ಎರಡು ವರ್ಷದಿಂದ ಅವಳು ಚಿಬ್ಬು ಎಂದುಕೊಂಡಿದ್ದಳು.

ಅವಳ ತೋಡಾರಿನ ತವರುಮನೆಯಲ್ಲಿ ಅಜ್ಜನ ಅಣ್ಣ ಒಬ್ಬರಿದ್ದರು, ದೊಡ್ಡಜ್ಜ. ಧೂಪ ಹಾಕಲು ಒಲೆಯಿಂದ ಕೆಂಡವನ್ನು ಬರಿ ಬೆರಳಿನಲ್ಲಿ ಹೆಕ್ಕುತ್ತಿದ್ದರು. ವ್ರತದ ಬಲ ಎಂದು ಊರವರು ಕೈಮುಗಿಯುತ್ತಿದ್ದರು, ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು. ದೊಡ್ಡಜ್ಜ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಊಟ ಮಾಡುತ್ತಿದ್ದರು. ಆಮೇಲೆ ಬೆರಳುಗಳು ಮಡಚಿಕೊಂಡವು. ಕೈಮುಗಿದವರೇ ದೊಡ್ಡ ಕಾಯಿಲೆ, ಕುಷ್ಠ ಎಂದರು. ದನದ ಹಟ್ಟಿಯ ಹಿಂದೆ ಒಂದು ಗುಡಿಸಲಾಯಿತು, ಅವರ ಬಟ್ಟಲನ್ನು ಬೇರೆ ಮಾಡಿ ಅದರ ಹುಲ್ಲುಮಾಡಿನ ಎಡೆಗೆ ಸಿಕ್ಕಿಸಿದರು. ಏಳು ವರ್ಷದ ಅನಂತಮತಿ ದೂರದಲ್ಲಿ ಅನ್ನ ಇಟ್ಟು ಓಡಿಬರುತ್ತಿದ್ದಳು. ಸತ್ತ ಮೇಲೆ ಗುಡಿಸಲನ್ನು ಬಟ್ಟಲಿನ ಸಮೇತ ಸುಟ್ಟರು. ಆ ಹೊಗೆಯ ವಾಸನೆ ಬಾವಿಕಟ್ಟೆಯಲ್ಲಿ ಅವಳ ಮೂಗಿಗೆ ಬಡಿಯಿತು.

ಎಂಟು ವರ್ಷದ ಮಗಳು ಪದ್ಮಲತಾಳ ತಲೆ ಬಾಚುವವರು ಯಾರು? ನನ್ನ ಬಟ್ಟಲು ಯಾವ ಮಾಡಿನ ಎಡೆಗೆ? ಅವಳ ತಲೆಯಲ್ಲಿ ಇವೆರಡೇ ಸುತ್ತುತ್ತಿದ್ದವು. ಕೈಗೆ ಏನಾಯಿತೆಂದು ಅತ್ತೆ ಕೇಳಿದಾಗ "ಎಣ್ಣೆ ಸಿಡಿಯಿತು" ಎಂದಳು. ಅತ್ತೆ "ಹೌದಾ" ಎಂದು ಸುಮ್ಮನಾದರು. ಮರುದಿನದಿಂದ ದೀಪ ಒಂದೂವರೆ ಮೊಳಕ್ಕೇ ಹೋಯಿತು. ಯಾರೂ ಇಲ್ಲದಾಗ ಅನಂತಮತಿ ತನ್ನ ಬಲಗೈಯನ್ನು ದೀಪಕ್ಕೆ ಹಿಡಿದು ಲೆಕ್ಕ ಹಾಕಿದಳು. ಮೂವತ್ತು ಪಂಚನಮಸ್ಕಾರಕ್ಕೆ ಬಲಗೈ ತಡೆಯದೆ ಹಿಂದಕ್ಕೆ ಬಂತು. ಅಲ್ಲಿಂದ ಹದಿನಾರು ದಿನ ಎಡಗೈ ಕೂಡ ಸರಿಯಾಗಿ ಮೂವತ್ತಕ್ಕೇ ಸುಟ್ಟಿತು. ಗಂಡ ಭರತರಾಜ ಶಾಲಾಮಾಸ್ತರು; ಲೋಕದ ಮಕ್ಕಳ ಸುಳ್ಳನ್ನೆಲ್ಲ ಹಿಡಿಯುವವರು. ಅವರಿಗೂ ಇದು ಗೊತ್ತಾಗಲಿಲ್ಲ.

ಇಪ್ಪತ್ತಾರು. ಬೀದಿಯ ಕೊನೆಯ ಹಿಟ್ಟಿನ ಮಿಲ್ಲಿನ ಸದ್ದು ಕೇಳಿಸುತ್ತಿರಲಿಲ್ಲ. ಚಹಾಕ್ಕೆ ನಿಲ್ಲಿಸಿರಬೇಕು ಎಂದುಕೊಂಡಳು. ಇಪ್ಪತ್ತೆಂಟು. ಅತ್ತೆ ಬತ್ತಿ ಹೊಸೆಯುವ ಸದ್ದೂ ಇಲ್ಲ. ಇಪ್ಪತ್ತೊಂಬತ್ತು. ಮೂವತ್ತು.

"ಸಾಕತ್ತೆ, ಸುಡ್ತದೆ," ಎಂದು ಮುಖ ಕಿವುಚಿ ಕೈಯನ್ನು ಎಳೆದುಕೊಂಡಳು.

ಸ್ವಿಚ್ಚಿನ ಟಕ್ಕೆಂಬ ಸದ್ದು ಬರಲಿಲ್ಲ. ಅನಂತಮತಿ ಕಣ್ಣಿನ ಬಟ್ಟೆಯನ್ನು ಕೆಳಗೆಳೆದಳು. ದೀಪ ಆರಿತ್ತು. ಬುರುಡೆ ಕಪ್ಪಗೆ ತಣ್ಣಗೆ ನಿಂತಿತ್ತು. ಅತ್ತೆ ಬತ್ತಿಯನ್ನು ಮಡಿಲಲ್ಲಿ ಬಿಟ್ಟು ಅವಳನ್ನೇ ನೋಡುತ್ತಿದ್ದರು.

"ಕರೆಂಟು ಹೋಗಿ ಎಷ್ಟು ಹೊತ್ತಾಯ್ತು ಗೊತ್ತುಂಟಾ?" ಎಂದು ಅತ್ತೆ ಕೇಳಿದರು. ಸ್ವರ ಏರಲಿಲ್ಲ. "ಹೇಳುವ ಅಂತ ಬಾಯಿ ತೆರೆದೆ. ನಿನ್ನ ತುಟಿ ನಿಲ್ಲಲೇ ಇಲ್ಲ. ಹಾಗೆ ನೋಡ್ತಾ ಕೂತೆ."

ಇವತ್ತು ಕೈಯಲ್ಲಿ ಉರಿ ಬೇರೆ ಇತ್ತು, ನಿನ್ನೆಯ ಶಾಖ ಉಳಿದಿತ್ತು ಎಂದು ಅನಂತಮತಿ ಏನೇನೋ ತೊದಲಿದಳು.

"ಬೊಕ್ಕೆ ಬಂದ ದಿವಸ ಚತುರ್ದಶಿ, ವ್ರತದ ದಿನ," ಎಂದರು ಅತ್ತೆ. "ಒಲೆಗೆ ಬಾಣಲೆ ಏರಲೇ ಇಲ್ಲ ಅವತ್ತು. ಎಣ್ಣೆ ಎಲ್ಲಿಂದ ಸಿಡೀಬೇಕು ಮಾರಾಯ್ತಿ? ನಾನೇ ದೀಪ ಹತ್ತಿರ ತಂದು ಸುಟ್ಟೆ, ನನಗೆ ಬೇಜಾರಾಗ್ತದೆ ಅಂತ ಸೊಸೆ ಮುಚ್ಚಿಡ್ತಾಳೆ ಅಂದುಕೊಂಡಿದ್ದೆ." ಅವರು ಬೊಕ್ಕೆ ಒಣಗಿದ ಜಾಗವನ್ನು ನೋಡಿದರು, ಮುಟ್ಟಲಿಲ್ಲ. ಅದನ್ನು ಅನಂತಮತಿ ಗಮನಿಸಿದಳು. ಹೆದರಿದವರ ಕಣ್ಣಿಗೆ ಇಂಥದ್ದು ಒಂದೂ ತಪ್ಪುವುದಿಲ್ಲ.

"ತೋಡಾರಿನ ದೊಡ್ಡಜ್ಜ ಹೇಗೆ ಸತ್ತದ್ದು?" ಎಂದು ಅತ್ತೆ ಕೇಳಿದರು.

ಮದುವೆಯ ಮಾತುಕತೆಯಲ್ಲಿ ತವರಿನವರು ಜ್ವರ ಎಂದು ಹೇಳಿದ್ದರು. ಅನಂತಮತಿ ತಲೆ ತಗ್ಗಿಸಿ ಅತ್ತಳು. ಅದೇ ಉತ್ತರವಾಯಿತು.

ಅತ್ತೆ ಎದ್ದರು. ದೀಪವನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿಕೊಂಡು "ಇದನ್ನು ಕೊಟ್ಟು ಬರ್ತೇನೆ" ಎಂದು ಹೊರಟರು. ಬರುವಷ್ಟರಲ್ಲಿ ಒಂದು ಗಂಟೆ ಮೇಲಾಯಿತು. ಆ ಒಂದು ಗಂಟೆಯಲ್ಲಿ ಅನಂತಮತಿ ಮೂರು ಸಲ ಅಡಿಗೆಮನೆಗೆ ಹೋಗಿ ಬಟ್ಟಲುಗಳ ಸಾಲಿನಲ್ಲಿ ತನ್ನ ಬಟ್ಟಲನ್ನು ನೋಡಿ ಬಂದಳು. ಜೈನರ ಮನೆಯ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಅತ್ತೆ ತಾವೇ ಬಡಿಸಿದರು. "ನೀನು ಕೂತುಕೋ, ಕೈನೋವು," ಎಂದರು. ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ.

"ನಾಳೆ ಬೆಳಿಗ್ಗಿನ ಬಸ್ಸಿಗೆ ಇವಳನ್ನು ಕರ್ಕೊಂಡು ತೋಡಾರಿಗೆ ಹೋಗ್ತೇನೆ," ಎಂದು ಅತ್ತೆ ಮಗನಿಗೆ ಹೇಳಿದರು.

"ಏನು ಇದ್ದಕ್ಕಿದ್ದ ಹಾಗೆ?" ಎಂದರು ಭರತರಾಜ.

"ತಾಯಿಮನೆಗೆ ಹೋಗಲಿಕ್ಕೆ ಮುಹೂರ್ತ ಬೇಕಾ?"

"ನಾನೂ ಬರ್ತೇನೆ ಅಜ್ಜಿ," ಎಂದಳು ಪದ್ಮಲತಾ.

"ನೀನು ಬೇಡ. ನಿನಗೆ ಶಾಲೆ ಉಂಟು."

ಅನಂತಮತಿಗೆ ಅಷ್ಟು ಸಾಕಾಯಿತು. ಬೆಳಿಗ್ಗೆ ಮಗಳ ತಲೆಯನ್ನು ಬಲಗೈಯೊಂದರಲ್ಲೇ ಬಾಚಿದಳು. ಬೈತಲೆ ಸೊಟ್ಟಗಾಯಿತು. ಮತ್ತೆ ಬಿಚ್ಚಿ ಮತ್ತೆ ಬಾಚಿದಳು. "ಅಮ್ಮ, ಗಂಟೆ ಹೊಡೀತದೆ," ಎಂದು ಮಗಳು ರಗಳೆ ಮಾಡುವವರೆಗೂ ಬಿಡಲಿಲ್ಲ.

ಬಸ್ಸಿನಲ್ಲಿ ಅತ್ತೆ ಅವಳನ್ನು ಕಿಟಕಿಯ ಹತ್ತಿರ ಕೂರಿಸಿ ತಾವು ಎಡಕ್ಕೆ ಕೂತರು. ಅನಂತಮತಿ ಹೊರಗೆ ನೋಡುತ್ತಿದ್ದಳು. ಅಣ್ಣ ಏನೆಂದಾನು? ಅತ್ತಿಗೆ ಹಟ್ಟಿಯ ಹಿಂದೆ ಈಗ ಬಸಳೆ ಚಪ್ಪರ ಹಾಕಿದ್ದಾಳೆ. ಗುಡಿಸಲು ಕಟ್ಟಲು ಅದನ್ನು ಕೀಳಬೇಕಾಗುತ್ತದೆ. ಬಸ್ಸು ಕೆಟ್ಟು ನಿಲ್ಲಬಾರದೇ, ಮರ ಅಡ್ಡ ಬೀಳಬಾರದೇ ಎಂದು ಬೇಡಿಕೊಂಡಳು. ಬಸ್ಸಿಗೆ ಏನೂ ಆಗಲಿಲ್ಲ. ದಿನಾ ತಡವಾಗಿ ಬರುವ ಬಸ್ಸು ಅವತ್ತು ಓಡಿದ ಓಟವೇ ಓಟ.

"ತೋಡಾರು, ತೋಡಾರು ಇಳಿಯುವವರು," ಎಂದು ಕಂಡಕ್ಟರ್ ಹನೀಫಾ ಕೂಗಿದ. ಬಸ್ಸು ನಿಂತಿತು. ಮುಂದಿನ ಸೀಟಿನ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡು ಇಳಿದಳು. ತವರುಮನೆಗೆ ಹೋಗುವ ಮಣ್ಣಿನ ದಾರಿ ಕಿಟಕಿಯಿಂದ ಕಾಣುತ್ತಿತ್ತು. ಅತ್ತೆ ಹೇಳುವ ಮೊದಲು ತಾನೇ ಇಳಿದುಬಿಡುವುದು ಮರ್ಯಾದೆ ಎಂದು ಅನಂತಮತಿ ಎದ್ದಳು.

"ಕೂತುಕೋ," ಎಂದರು ಅತ್ತೆ.

"ತೋಡಾರು ಬಂತಲ್ಲ ಅತ್ತೆ."

"ಬಂದರೆ ಬರಲಿ. ನಮ್ಮದು ಮಂಗಳೂರು. ಮನೆಯಲ್ಲಿ ಗೊತ್ತಾಗುವುದು ಬೇಡ ಅಂತ ತೋಡಾರು ಅಂದದ್ದು."

ಮಂಗಳೂರಿನಲ್ಲಿ ಈ ರೋಗದವರನ್ನು ಇಡುವ ಆಶ್ರಮವಿದೆ ಎಂದು ಅನಂತಮತಿ ಕೇಳಿದ್ದಳು. ಗುಡಿಸಲಾದರೂ ತವರಿನದ್ದು ಎಂಬ ಧೈರ್ಯವೂ ಹೋಯಿತು. ಸೀಟಿನ ಮೇಲೆ ಕುಸಿದಳು. "ಅಲ್ಲಿ ಬಿಟ್ಟು ಬರ್ತೀರಾ ಅತ್ತೆ?" ಎಂದು ಕೇಳಿದ ಸ್ವರ ಅವಳಿಗೇ ಕೇಳಿಸಲಿಲ್ಲ.

ಬಸ್ಸು ಹೊರಟಿತು. ಅತ್ತೆ ಎಡಗೈಯಿಂದ ಸೊಂಟಕ್ಕೆ ಸಿಕ್ಕಿಸಿದ್ದ ಮಡಚಿದ ಕಾಗದವನ್ನು ತೆಗೆದು, ಇದೆ ಎಂದು ನೋಡಿಕೊಂಡು, ಮತ್ತೆ ಸಿಕ್ಕಿಸಿದರು. "ಡಾಕ್ಟ್ರು ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ," ಎಂದರು, ಮುಂದಕ್ಕೇ ನೋಡುತ್ತ, ಹಿಂದಿನ ಸೀಟಿಗೆ ಕೇಳದಷ್ಟು ಮೆಲ್ಲಗೆ. "ನಿನ್ನೆ ಕಣ್ಣಲ್ಲಿ ನೀರು ತಂದುಕೊಂಡರು, ಪಾಪ, ನನಗೆ ಆಗಲೇ ಗೊತ್ತಾಗಬೇಕಿತ್ತು ಅಂತ. ಈಗ ಮಾತ್ರೆ ಉಂಟಂತೆ. ವರ್ಷಗಟ್ಟಲೆ ನುಂಗಬೇಕಂತೆ, ಮನೆಯಲ್ಲೇ ಇದ್ದುಕೊಂಡು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅಲ್ಲಿಯ ಡಾಕ್ಟ್ರ ಬಾಯಿಂದ ಕೇಳುವ ಅಂತ ಹೊರಟೆ. ನನಗೂ ಹೆದರಿಕೆ ಉಂಟು ಮಗಳೇ. ಇಲ್ಲ ಅಂತ ಹೇಳುವುದಿಲ್ಲ."

ಹನೀಫಾ ಟಿಕೆಟಿಗೆ ಬಂದ. "ಎಲ್ಲಿಗಮ್ಮ?"

"ಮಂಗಳೂರು, ಎರಡು. ವಾಪಸು ಬಸ್ಸು ಎಷ್ಟು ಗಂಟೆಗೆ?"

"ಮೂರಕ್ಕೊಂದು ಉಂಟು, ಐದಕ್ಕೊಂದು ಉಂಟು."

"ಮೂರರದ್ದೇ ಆಗಬೇಕು. ಹೊತ್ತು ಮುಳುಗುವ ಮೊದಲು ಮನೆ ಮುಟ್ಟದಿದ್ದರೆ ನಮ್ಮಿಬ್ಬರ ಊಟ ಹೋಯ್ತು."

ಹನೀಫಾ ನಕ್ಕು ಮುಂದೆ ಹೋದ. ಅನಂತಮತಿ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆ ತಗ್ಗಿಸಿದಳು. ಆಗ ಕಂಡಿತು. ಸೀಟಿನ ಮೇಲೆ ಬಿಟ್ಟಿದ್ದ ತನ್ನ ಎಡಗೈಯ ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಸೇರಿಸಿ ಅತ್ತೆ ತಮ್ಮ ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಕೂತುಕೋ ಎಂದಾಗ ಹಿಡಿದರೋ, ಬಸ್ಸು ಹತ್ತಿದಾಗಲೇ ಹಿಡಿದರೋ ಅವಳಿಗೆ ಗೊತ್ತಾಗಿರಲಿಲ್ಲ. ಅತ್ತೆಯ ಕೈ ನಡುಗುತ್ತಿತ್ತು. ಅದು ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಅನಂತಮತಿ ಕಣ್ಣು ತೆಗೆಯದೆ ಅದನ್ನೇ ನೋಡುತ್ತ ಕೂತಳು.