ಹೊನ್ನೂರಪ್ಪನ ಹಾಜರಿ

ಗಂಗಾವತಿಯ ಕೊಟ್ರಬಸಪ್ಪನ ಅಕ್ಕಿ ಗಿರಣಿಯಲ್ಲಿ ನನ್ನಪ್ಪ ಸತ್ತ ಮೇಲೂ ಐದು ವರ್ಷ ದುಡಿದ. ಹೀಗೆ ಬರೆದರೆ ಓದಿದವರು ನಗಬಹುದು. ನಗಲಿ.

ಎಪ್ಪತ್ತೆಂಟರಲ್ಲಿ ಭತ್ತ ಬೇಯಿಸುವ ಹಂಡೆಯ ಉಗಿ ಪೈಪು ಒಡೆದು ಅಪ್ಪ ಸುಟ್ಟುಹೋದ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಗಿರಣಿಯ ಎದುರಿನ ಸೈಕಲ್ ಅಂಗಡಿ ಸೇರಿದೆ. ಅವ್ವ ಅಪ್ಪನ ಜಾಗಕ್ಕೆ ಹೋದಳು. ಆ ಗಿರಣಿಯ ಪದ್ಧತಿಯೇ ಹಾಗೆ: ಗಂಡ ಸತ್ತರೆ ಹೆಂಡತಿ ಅವನ ಹಾಜರಿ ನಂಬರಿನ ಹಿತ್ತಾಳೆ ಬಿಲ್ಲೆಯ ಮೇಲೆಯೇ ಬರಬೇಕು, ಹೆಸರು ಬದಲಾಗುವುದಿಲ್ಲ. ಮುಂಜಾನೆ ಗೇಟಿನಲ್ಲಿ ಮೇಸ್ತ್ರಿ ಮಕ್ಬುಲಸಾಬ "ಹೊನ್ನೂರಪ್ಪ" ಎಂದು ಕೂಗುತ್ತಿದ್ದ. ಅವ್ವ "ಅದಾನ್ರಿ" ಎನ್ನುತ್ತಿದ್ದಳು.

ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ದಿನಾ ಕಿವಿಗೆ ಬಿದ್ದರೆ ಅವಳಿಗೆ ಸಾಕಿತ್ತು. ಮನೆಯಲ್ಲಿ ಬಳೆ ಒಡೆದಿದ್ದವು, ಗೇಟಿನಲ್ಲಿ ಅವನಿದ್ದ.

"ಹಂಡೆ ಹತ್ರ ನಿಮ್ಮವ್ವನ ಕೂಡ ಯಾರೋ ಕೆಮ್ಮತಾರಲೇ," ಎಂದು ಹಮಾಲ ಓಬಳೆಪ್ಪ ಒಮ್ಮೆ ಅಂಗಡಿಗೇ ಬಂದು ಹೇಳಿದ. ಅಪ್ಪನಿಗೆ ಹೊಟ್ಟಿನ ಧೂಳಿನ ಕೆಮ್ಮಿತ್ತು. ನಾನು ಪಂಚರ್ ಹಚ್ಚುತ್ತ ತಲೆ ಎತ್ತಲಿಲ್ಲ.

ಎಲ್ಲರ ಪಗಾರದಲ್ಲೂ ಪಿ.ಎಫ್. ಎಂದು ಮುರಿದುಕೊಂಡ ಕೊಟ್ರಬಸಪ್ಪ ಅದನ್ನು ಸರಕಾರಕ್ಕೆ ಕಟ್ಟಿಯೇ ಇರಲಿಲ್ಲ. ಒಂದು ಮುಂಜಾನೆ ಪಿ.ಎಫ್. ಆಫೀಸಿನ ಇನ್ಸ್‌ಪೆಕ್ಟರ್ ಗೇಟಿನಲ್ಲಿ ನಿಂತು ಇಪ್ಪತ್ತು ಹಾಜರಿ ಕೇಳಿಸಿಕೊಂಡು ಕೇಸು ಹಾಕಿದರು. ಇಪ್ಪತ್ತು ಮಂದಿ ಇದ್ದರಷ್ಟೇ ಆ ಕಾಯ್ದೆ. ಕೆಳಗಿನ ಕೋರ್ಟು ಸಜೆ ಕೊಟ್ಟಿತು. ಸಾಹುಕಾರ ಅಪೀಲು ಹೋದ: ಇಪ್ಪತ್ತರಲ್ಲಿ ಒಬ್ಬ ಸತ್ತವನು, ಇರುವವರು ಹತ್ತೊಂಬತ್ತೇ, ಕಾಯ್ದೆ ನನಗೆ ತಾಗುವುದಿಲ್ಲ! ಸತ್ತವನ ಪಗಾರದಲ್ಲೂ ಮುರಿಯುವಾಗ ಈ ಬುದ್ಧಿ ಎಲ್ಲಿ ಹೋಗಿತ್ತು?

ಅಪೀಲಿನಲ್ಲಿ ಹೊಸ ಸಾಕ್ಷಿ ಕೇಳುವುದು ಅಪರೂಪವಂತೆ. ಸರಕಾರಿ ವಕೀಲರು ಬೇಡಿಕೊಂಡಿದ್ದಕ್ಕೆ ಜಜ್ಜರು ಅವ್ವನೊಬ್ಬಳನ್ನು ಕರೆಸಿದರು. ಕೋರ್ಟಿನ ವರಾಂಡದಲ್ಲಿ ವಕೀಲರು ಹೇಳಿಕೊಟ್ಟರು:

"ನೋಡವ್ವ, ಗಂಡ ಸತ್ತಾನ, ಅವನ ಬಿಲ್ಲೆ ಮ್ಯಾಲೆ ನಾನ ದುಡಿತೀನಿ. ಇಷ್ಟ ಅನ್ನು. ಇಪ್ಪತ್ತು ಆಗತೈತಿ, ಸಜಾ ನಿಲ್ಲತೈತಿ."

"ಸತ್ತಾನ ಅನಬೇಕೇನ್ರಿ?"

"ಅನ್ನಾಕ ಏನ್ ಧಾಡಿ ಬೇ ನಿನಗ?" ಎಂದು ನಾನು ರೇಗಿದೆ.

ಅವಳು ನನ್ನನ್ನು ನೋಡಲಿಲ್ಲ. ಗೋಡೆಯ ಬದಿಯ ಖಾಲಿ ಬೆಂಚನ್ನು ನೋಡಿದಳು, ಅಲ್ಲಿ ಕೂತು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ.

ಒಳಗೆ ಸಾಹುಕಾರನ ವಕೀಲ ಎದ್ದು, "ಗೇಟಿನಾಗ ಕೂಗಿದ ಹೊನ್ನೂರಪ್ಪ ಬದುಕ್ಯಾನೋ, ಸತ್ತಾನೋ?" ಎಂದ.

ಅವ್ವ ಕಟಕಟೆಯ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದಳು. "ಅದಾನ್ರಿ," ಎಂದಳು.

ಜನ ನಕ್ಕರು. ಜಜ್ಜರು ನಗಲಿಲ್ಲ, ಮೆಲ್ಲಗೆ ಮತ್ತೆ ಕೇಳಿದರು. ಅವಳದು ಅದೇ ಮಾತು.

ಸಾಕ್ಷಿ ನಂಬಲು ಬರುವಂಥದ್ದಲ್ಲ ಎಂದು ಬದಿಗಿಟ್ಟರು. ಲೆಕ್ಕ ಹತ್ತೊಂಬತ್ತಕ್ಕೇ ನಿಂತಿತು. ಕೊಟ್ರಬಸಪ್ಪ ಬಿಡುಗಡೆಯಾದ. ಮೆಟ್ಟಿಲಿಳಿಯುತ್ತ ನನ್ನ ಹೆಗಲು ತಟ್ಟಿ, "ನಿಮ್ಮಪ್ಪಗ ನನ್ನ ಶರಣು ಹೇಳಲೇ ತಮ್ಮಾ," ಎಂದ. ಅವನ ಕೈ ಮುರಿಯಬೇಕಿತ್ತು. ಅವ್ವ ನನ್ನ ಅಂಗಿಯ ತುದಿ ಹಿಡಿದಿದ್ದಳು.

ಮರುದಿನ ಮುಂಜಾನೆ ಗೇಟಿನ ಬಿಲ್ಲೆಗಳ ಹಲಗೆಯಲ್ಲಿ ಅಪ್ಪನ ಬಿಲ್ಲೆಯ ಮೊಳೆ ಖಾಲಿ ಇತ್ತು. ಮಕ್ಬುಲಸಾಬ ಓಬಳೆಪ್ಪನನ್ನು ಕೂಗಿದ. ಆಮೇಲೆ ಅಪ್ಪನ ಹೆಸರು ಬರಬೇಕಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋದ. ಅವ್ವ ಬಾಯಿ ಅರೆ ತೆರೆದುಕೊಂಡು ನಿಂತೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಕೈಯಲ್ಲಿ ಪಂಪು ಹಿಡಿದೇ ರಸ್ತೆಯ ಈಚೆಯಿಂದ ಕೂಗಿದೆ:

"ಹೊನ್ನೂರಪ್ಪ!"

ಗೇಟಿನಲ್ಲಿದ್ದವರೆಲ್ಲ ಹಂಡೆಯ ಕಡೆ ತಿರುಗಿದರು.

"ಹೊನ್ನೂರಪ್ಪ ಸತ್ತಾನ," ಎಂದಳು ಅವ್ವ. ಆ ಹೆಸರು ಅವಳ ಬಾಯಲ್ಲಿ ಅದೇ ಮೊದಲು. "ನಾ ಮಾರೆವ್ವ. ನಾ ಅದೀನಿ. ಬರಕೋ ಮಕ್ಬುಲಣ್ಣ."

ಮಕ್ಬುಲಸಾಬ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಮತ್ತೆ ಅಲ್ಲೇ ಸಿಕ್ಕಿಸಿದ.

"ನಿನ್ನೆ ಅನಬೇಕಿತ್ತವ್ವ," ಎಂದ.

ಹಂಡೆಗೆ ಉಗಿ ಬಿಟ್ಟರು. ನಾನು ಕಿವಿಗೊಟ್ಟು ನಿಂತೆ. ಕೆಮ್ಮು ಬರಲಿಲ್ಲ. ಇಷ್ಟು ವರ್ಷ ನಾನೂ ಅದನ್ನು ಕೇಳುತ್ತಿದ್ದೆ ಎಂಬುದು ಆಗ ತಿಳಿಯಿತು.