ನುಕಾದಾ ಬರೆದ ಉಬ್ಬರವಿಳಿತದ ಲೈಬ್ರರಿ

ಜಪಾನಿನ ಒತಾರು ಬಂದರಿನೆದುರಿನ ಆಫೀಸಿನಲ್ಲಿ ಕ್ಲೋಜರ್ ಭಾಷೆಯಲ್ಲಿ ಕೋಡ್ ಬರೆಯುವವಳು ತೊಗಾಶಿ ಚಿಗುಸಾ ಒಬ್ಬಳೇ. ಮೊದಲು ಪಕ್ಕದ ಮೇಜಿನಲ್ಲಿ ನುಕಾದಾ ಇದ್ದ. ಜಾವಾ ಭಾಷೆ ಬಿಟ್ಟರೆ ಬೇರೆ ದೇವರಿಲ್ಲ ಎನ್ನುವ ಆಸಾಮಿ. "ತೊಗಾಶಿ-ಸಾನ್, ನಿಮ್ಮ ಕೋಡಲ್ಲಿರೋ ಬ್ರಾಕೆಟ್ ಗುಡಿಸಿದ್ರೆ ಒಂದು ಬುಟ್ಟಿ ತುಂಬುತ್ತೆ ಕಣ್ರೀ" ಎಂದು ರೇಗಿಸುತ್ತಿದ್ದ. ಆದರೂ ರಜೆ ದಿನ ಮನೆಯಲ್ಲಿ ಕೂತು, ಉಬ್ಬರವಿಳಿತದ ವೇಳೆ ಹೇಳುವ, ಕ್ಲೋಜರ್ ಕೋಡಿಗೂ ಜೋಡಿಸಬಹುದಾದ ಜಾವಾ ಲೈಬ್ರರಿ ಬರೆದು, ಎಲ್ಲ ಒಟ್ಟುಕಟ್ಟಿ ಒಂದೇ ಜಾರ್ ಫೈಲ್ ಮಾಡಿ ಅವಳ ಕೈಗಿಟ್ಟವನೂ ಅವನೇ. ಇಬ್ಬರೂ ಸೇರಿ ಅದಕ್ಕೊಂದು ಹೆಸರಿಟ್ಟರು. ಅವಳು ಅದನ್ನು ತನ್ನ ಕಂಪ್ಯೂಟರಿನಲ್ಲಿ ಲೈಬ್ರರಿಗಳನ್ನಿಡುವ ಕಣಜಕ್ಕೆ ಸೇರಿಸಿಕೊಂಡಳು. ಅವಳ ಪ್ರಾಜೆಕ್ಟ್ ನಿಂತದ್ದೇ ಅದರ ಮೇಲೆ.

ಆಮೇಲೊಂದು ಮೀಟಿಂಗಿನಲ್ಲಿ ಎಲ್ಲರೆದುರು, "ಜಾವಾ ಬರೆಯೋರು ಇನ್ನು ನಮಗ್ಯಾಕೆ?" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಂಗಳೊಳಗೆ ನುಕಾದಾ ಕೆಲಸ ಬಿಟ್ಟ. ಹಠಮಾರಿ ಹೆಣ್ಣು, ಕ್ಷಮೆ ಕೇಳಲಿಲ್ಲ. ಮೂರು ವರ್ಷ ಮಧ್ಯಾಹ್ನ ಒಬ್ಬಳೇ ಕೂತು ಒನಿಗಿರಿ ಅನ್ನದುಂಡೆ ತಿಂದಳು.

ಈಗ ವಿಭಾಗದ ಮುಖ್ಯಸ್ಥ ಹೊಂಜೋ ಬಂದು ನಿಂತ. "ಆ ಲೈಬ್ರರಿಗೆ ಲೈಸೆನ್ಸೇ ಇಲ್ವಲ್ರೀ. ಶುಕ್ರವಾರದೊಳಗೆ ನುಕಾದಾ ಒಪ್ಪಿಗೆ ತನ್ನಿ, ಇಲ್ದಿದ್ರೆ ನಿಮ್ಮ ಪ್ರಾಜೆಕ್ಟ್ ಮುಚ್ಚೋದೇ. ಒಂದು ಮೇಲ್ ಹಾಕೋಕೆ ಏನ್ ಕಷ್ಟ?"

"ಹಾಕ್ತೀನಿ" ಎಂದಳು. ಹಾಕಲಿಲ್ಲ. ಇಷ್ಟು ದಿನ ತಿರುಗಿಯೂ ನೋಡದೆ, ಬೇಕಾದಾಗ ಕೈ ಚಾಚಲು ನಾಚಿಕೆಯಾಯಿತು.

ಗುರುವಾರ ಅವಳಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರಿಂದ ಜಾರ್ ಫೈಲ್ ತರುವುದನ್ನು ಮರೆತೇ ಪ್ರಾಜೆಕ್ಟ್ ಚಾಲೂ ಮಾಡಿದಳು. ಲೈಬ್ರರಿ ಸಿಗಲಿಲ್ಲ ಎಂಬ ಕೆಂಪು ಸಾಲು ಬರಬೇಕಿತ್ತು. ಬರಲಿಲ್ಲ. ಲೋಕದವರೆಲ್ಲ ತಮ್ಮ ಲೈಬ್ರರಿ ಹಂಚುವ ಸಾರ್ವಜನಿಕ ಭಂಡಾರದಿಂದ ಅದೇ ಹೆಸರಿನ ಫೈಲ್ ತಾನಾಗಿ ಇಳಿದುಬಂತು.

ಅದರ ಪುಟ ತೆರೆದಳು. ಅಲ್ಲಿಟ್ಟವನು ನುಕಾದಾ, ಎರಡು ವರ್ಷದ ಹಿಂದೆ. ಕ್ಲೋಜರ್‌ನಿಂದ ಸಲೀಸಾಗಿ ಬಳಸಲೆಂದು ಅದಕ್ಕೊಂದು ಹೊದಿಕೆಯನ್ನೂ ಕ್ಲೋಜರ್‌ನಲ್ಲೇ ಬರೆದಿದ್ದ. ಲೈಸೆನ್ಸ್ ಇತ್ತು: ಯಾರು ಬೇಕಾದರೂ ಬಳಸಬಹುದು. ಕೆಳಗೆ ನಾಲ್ಕು ಮಾತು: "ತೊಗಾಶಿ-ಸಾನ್, ಬ್ರಾಕೆಟ್ ಹಾಕೋದು ಕಲಿತೆ. ತಪ್ಪಿದ್ರೆ ಬೈಯಿರಿ. ಮಾರ್ಚ್ ತನಕ ಹಕೋದಾತೆಲೇ ಇರ್ತೀನಿ, ಆಮೇಲೆ ಈ ಕೆಲಸಾನೇ ಬಿಡ್ತೀನಿ. ಒಂದ್ಸಲ ಬನ್ನಿ."

ನಿನ್ನೆಯವರೆಗೆ ಇಳಿಸಿಕೊಂಡವರು: ಸೊನ್ನೆ.

ಕಂಪ್ಯೂಟರ್ ಮೊದಲು ತನ್ನ ಕಣಜದಲ್ಲೇ ಹುಡುಕುತ್ತದೆ. ಅಲ್ಲಿ ಸಿಕ್ಕರೆ ಹೊರಗೆ ಕೇಳುವುದಿಲ್ಲ. ಅವಳದರಲ್ಲಿ ದಿನಾ ಸಿಗುತ್ತಿತ್ತು. ಆ ಮಾರ್ಚ್ ಕಳೆದು ಇನ್ನೊಂದು ಮಾರ್ಚೂ ಕಳೆದಿತ್ತು. ಮೇಲ್ ಬರೆದಳು, ಅಂಥ ವಿಳಾಸ ಇಲ್ಲವೆಂದು ವಾಪಸ್ ಬಂತು.

"ಒಪ್ಪಿಗೆ ಸಿಕ್ತಾ?" ಬಾಗಿಲಿನಿಂದಲೇ ಹೊಂಜೋ ಕೇಳಿದ.

"ಸಿಕ್ತು."

"ನೋಡಿ, ನಾನು ಹೇಳ್ಲಿಲ್ವಾ? ಕೇಳಿದ ತಕ್ಷಣ ಕೊಟ್ರು."

"ಇಲ್ಲ" ಎಂದಳು ಚಿಗುಸಾ. "ನಾನು ಕೇಳೋ ಮೊದ್ಲೇ ಕೊಟ್ಟು, ಕಾದು, ಹೋಗ್ಬಿಟ್ಟಿದ್ದಾರೆ."