ಅಕ್ಕಯಮ್ಮನ ಕಾರ್ಡು ಇರುವ ಜಾಗ

“ಇದೇನಮ್ಮ ಬೆರಳಾ, ಬೆಂದ ಹಲಸಿನಬೀಜಾನಾ? ಒಂದ್ ಗೆರೆ ಇಲ್ವಲ್ಲ! ಒರಸ್ಕೊಂಡ್ ಇಡು ಅಂತ ಎಷ್ಟ್ ಸಲ ಬಡ್ಕೊಳ್ಳೋದು? ಬೆರಳ್ ಜೊತೆ ಕಿವೀನೂ ಸವ್ದೋಗಿದ್ಯಾ?”

ಆಧಾರ್ ಕೇಂದ್ರದ ಗಾಜಿನ ಆಚೆ ಕಂಪ್ಯೂಟರಿನ ಮುಂದೆ ಕೂತಿದ್ದ ಪ್ರಮೋದ್ ಮುಖ ಎತ್ತದೆಯೇ ಬೈಯುತ್ತಿದ್ದ. ಅಕ್ಕಯಮ್ಮ ಹೆಬ್ಬೆರಳನ್ನು ಸೆರಗಿನಲ್ಲಿ ಮತ್ತೆ ಒರೆಸಿಕೊಂಡಳು. ಒರೆಸಿದರೆ ಹೋಗುವಂಥದ್ದೇನೂ ಅದರ ಮೇಲಿರಲಿಲ್ಲ. ಜಯನಗರ, ಬನಶಂಕರಿಯ ಛತ್ರಗಳಲ್ಲಿ ಮದುವೆಯ ಊಟ ಮುಗಿದ ಮೇಲೆ ಆಳು ಮುಳುಗುವಂಥ ಕೊಪ್ಪರಿಗೆಗಳೊಳಗೆ ಬಗ್ಗಿ, ಸೋಡಾಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ, ಯಾರ್‍ಯಾರದೋ ಮದುವೆಯ ಪಾಯಸದ ಸೀದ ತಳದ ಜೊತೆಗೆ ಅವಳ ಬೆರಳಿನ ಗೆರೆಗಳೂ ಮೋರಿಗೆ ಹರಿದುಹೋಗಿದ್ದವು.

“ಕಣ್ಣಿಡು ಇದ್ರಲ್ಲಿ,” ಎಂದು ಪ್ರಮೋದ್ ದುರ್ಬೀನಿನಂಥ ಒಂದು ಡಬ್ಬಿಯನ್ನು ಕಿಂಡಿಯಿಂದ ತಳ್ಳಿದ. ಅವಳು ಕಣ್ಣಿಟ್ಟಳು. ಒಳಗೆ ಕೆಂಪಗೆ ಏನೋ ಮಿಣುಕಿತು.

“ಪೊರೆ ಬಂದಿದೆ. ಕಣ್ಣೂ ಹಿಡೀತಿಲ್ಲ. ಕಾರ್ಡ್ ನಂಬರ್ ಗೊತ್ತಾ? ಜೆರಾಕ್ಸು? ರೇಷನ್ ಕಾರ್ಡಲ್ಲಿ ಹೆಸರಿದ್ಯಾ?”

“ರೇಸನ್ ಕಾಲ್ಡು ನಮ್ ಭಾವ್ನೋರ ಮನೇಲೈತೆ ಸಾಮಿ. ಅದ್ರಾಗೆ ನನ್ ಎಸ್ರು ಸೇರ್ಸೇ ಇಲ್ಲ.”

“ಸರಿಹೋಯ್ತು. ಲಿಂಕ್ ಆಗಿರೋ ಮೊಬೈಲ್ ನಂಬರಾದ್ರೂ ಹೇಳ್ತೀಯೋ, ಅದೂ ಭಾವನ ಮನೇಲಿದ್ಯೋ?”

ಆ ನಂಬರು ಅವಳಿಗೆ ಬರುತ್ತಿತ್ತು. ಆದರೆ ಅದನ್ನು ಹೇಳುವ ಬಗೆ ಬೇರೆ. ಗಂಡ ಸಂಜೀವಯ್ಯ ಹಗಲೆಲ್ಲ ಛತ್ರದಲ್ಲಿ ಪೆಂಡಾಲಿನ ಕಂಬ ನೆಡುವವನು, ಸಂಜೆಯಾದರೆ ತಂಬೂರಿ ಹಿಡಿದು ತತ್ವಪದಕ್ಕೆ ಕೂರುವವನು. ಓದು ಬಾರದ ಹೆಂಡತಿಗೆ ತನ್ನ ಫೋನ್ ನಂಬರನ್ನು ಅವನು ಪದದ ಧಾಟಿಯಲ್ಲೇ ಕೂರಿಸಿ ಕಲಿಸಿದ್ದ. ರಾಗ ಬಿಟ್ಟರೆ ಅಂಕಿ ತಪ್ಪುತ್ತಿತ್ತು. ಅಕ್ಕಯಮ್ಮ ಎರಡು ಸಲ ಬಾಯಲ್ಲಿ ಹೇಳಲು ನೋಡಿ, ಎರಡು ಸಲವೂ ನಡುವೆ ತೊಡರಿ, ಕೊನೆಗೆ ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಹಾಡಿಬಿಟ್ಟಳು. ಒಂಬತ್ತನ್ನು ಎಳೆದು, ಎಂಟನ್ನು ಇಳಿಸಿ, ಸೊನ್ನೆಯ ಮೇಲೆ ಒಂದಿಷ್ಟು ನಿಂತು.

ಸಾಲು ಗೊಳ್ಳೆಂದಿತು.

“ಗುರು, ಸಖತ್ತಾಗಿದೆ! ಒನ್ಸ್ ಮೋರ್!” ಎಂದ ಹೆಲ್ಮೆಟ್ ಹಿಡಿದಿದ್ದವನೊಬ್ಬ. ಇನ್ನೊಬ್ಬ ಆಗಲೇ ಫೋನೆತ್ತಿ ವಿಡಿಯೋ ಹಿಡಿಯುತ್ತಿದ್ದ. ಹಿಂದೆ ನಿಂತಿದ್ದ, ವಾಕಿಂಗ್ ಶೂ ತೊಟ್ಟ ಹಿರಿಯರು ಗಡಿಯಾರ ನೋಡಿಕೊಂಡರು. “ಬೇಗ ಕಳ್ಸಪ್ಪ. ಇವರಿಗೆ ಮನೆ ಫ್ರೀ, ಬಸ್ ಫ್ರೀ. ನಾವು ಟ್ಯಾಕ್ಸ್ ಕಟ್ಟಿ ಇವರ ಸಂಗೀತಾನೂ ಕೇಳ್ಬೇಕು.”

ಪ್ರಮೋದನೂ ನಗುತ್ತಲೇ ಒತ್ತಿದ. “ಓಟಿಪಿ ಹೋಗಿದೆ. ನೋಡಿ ಹೇಳು.”

“ಎಲ್ಲಿಗೋಯ್ತು ಸಾಮಿ?”

“ನೀನು ಹಾಡಿದ್ಯಲ್ಲ, ಆ ಫೋನಿಗೆ. ಎಲ್ಲಿ ಫೋನು?”

“ನಮ್ ಯಜಮಾನ್ರತ್ರ ಐತೆ.”

“ಕರಿ ಅವರನ್ನ.”

“ಅವ್ರು ಮಣ್ಣಾಗವ್ರೆ.”

ವಿಡಿಯೋ ಹಿಡಿಯುತ್ತಿದ್ದವನು ಫೋನು ಇಳಿಸಿದ. ನಗು ನಿಂತಿತು, ಆದರೆ ಸಾಲು ಮುಂದೆ ಸರಿಯಿತು. “ನೆಕ್ಸ್ಟ್,” ಎಂದ ಪ್ರಮೋದ್.

ನಡೆದದ್ದು ಇಷ್ಟು. ಅವರ ಕುಲದಲ್ಲಿ ಹೆಣವನ್ನು ಸುಡುವುದಿಲ್ಲ, ಹೂಳುತ್ತಾರೆ. ಹೂಳುವಾಗ ಸತ್ತವನು ಆಸೆಪಡುತ್ತಿದ್ದದ್ದನ್ನು ಗುಂಡಿಗೆ ಇಡುತ್ತಾರೆ: ಎಲೆಯಡಿಕೆ, ಬೀಡಿ, ಕುಡುಕನಾದರೆ ಒಂದು ಸಾರಾಯಿ ಪಾಕೀಟು. ಸಂಜೀವಯ್ಯನಿಗೆ ಚಟವೆಂದರೆ ಪದವೊಂದೇ. ಎದೆಗೆ ಕಫ ಕಟ್ಟಿ ದನಿ ಹೋದ ಮೇಲೆ, ಹಿಂದೆ ತಾನೇ ಹಾಡಿ ಫೋನಿನಲ್ಲಿ ತುಂಬಿಟ್ಟಿದ್ದ ಪದಗಳನ್ನು ಎದೆಯ ಮೇಲೆ ಇಟ್ಟುಕೊಂಡು ಕೇಳುತ್ತಾ ಮಲಗಿರುತ್ತಿದ್ದ. “ದಾರಿ ದೂರ, ಪದ ಕೇಳ್ಕೊಂಡ್ ಓಗ್ಲಿ,” ಎಂದು ಅಕ್ಕಯಮ್ಮ ತನ್ನ ಕೈಯಾರೆ ಆ ಫೋನನ್ನು ಅವನ ಅಂಗಿಯ ಜೇಬಿಗೆ ಇಟ್ಟಿದ್ದಳು. ಮೂರು ಹಿಡಿ ಮಣ್ಣು ಹಾಕಿ, ಹಿಂದೆ ತಿರುಗಿ ನೋಡದೆ ಮನೆಗೆ ಬಂದಿದ್ದಳು.

ಫೋನಿನ ಬೆನ್ನಿಗಿದ್ದ ರಬ್ಬರು ಚೀಲದಲ್ಲಿ ಅವಳ ಆಧಾರ್ ಕಾರ್ಡು ಇತ್ತು. ಕೊಪ್ಪರಿಗೆಗೆ ಬಗ್ಗಿದರೆ ರವಿಕೆಯೆಲ್ಲ ನೆನೆಯುತ್ತದೆಂದು, ಕಣ್ಣಿನ ಆಸ್ಪತ್ರೆಗೆ ಹೋದ ದಿನ ಅವನೇ ಅದನ್ನು ಇಸಿದುಕೊಂಡು ಅಲ್ಲಿ ತೂರಿಸಿಟ್ಟಿದ್ದ. ಅವನ ಕಾರ್ಡು ಮಾತ್ರ ಮನೆಯ ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ನೇತುಬಿದ್ದಿತ್ತು. ಸತ್ತವನ ಕಾರ್ಡು ಮನೆಯಲ್ಲಿ, ಬದುಕಿದವಳದು ಗುಂಡಿಯಲ್ಲಿ.

ಅದು ನೆನಪಾದದ್ದು ಮನೆಯ ಕೀಲಿ ಕೊಡುವ ದಿನ. ಜರಗನಹಳ್ಳಿಯ ರಾಜಕಾಲುವೆಯ ದಂಡೆಯ ಮೇಲಿನ ಶೀಟಿನ ಮನೆಗಳವರಿಗೆಲ್ಲ ಕನಕಪುರ ರಸ್ತೆಯಲ್ಲಿ ಎಷ್ಟೋ ಮುಂದೆ, ಬಸ್ಸು ತಿರುಗಿಕೊಳ್ಳುವ ಜಾಗದಲ್ಲಿ ಸ್ಲಮ್ ಬೋರ್ಡಿನವರು ಕಟ್ಟಡ ಕಟ್ಟಿದ್ದರು. ಮನೆ ಹೆಂಗಸಿನ ಹೆಸರಿಗೆ. ಒರಿಜಿನಲ್ ಕಾರ್ಡು ಕೈಯಲ್ಲಿದ್ದರೆ ಕೀಲಿ, ಇಲ್ಲದಿದ್ದರೆ ಇಲ್ಲ. ಎಲ್ಲರೂ ಕೀಲಿ ಹಿಡಿದುಕೊಂಡು ಆಟೋಗಳಿಗೆ ಗಂಟುಮೂಟೆ ಹೇರಿದರು. ಪಕ್ಕದ ಮನೆಯ ನಾಗಲಕ್ಷ್ಮಮ್ಮ ಹತ್ತುವ ಮುಂಚೆ ಅವಳ ಕೈ ಹಿಡಿದು, “ನೀನೂ ಬೇಗ್ನೆ ಬಂದ್ಬುಡು ಕಣಕ್ಕ,” ಎಂದು ಅತ್ತಳು. ಆಟೋ ಹೋಯಿತು. ಆಮೇಲೆ ಆ ದಂಡೆಯ ಮೇಲೆ ಯಾರ ಒಲೆಯೂ ಹೊಗೆಯಾಡಲಿಲ್ಲ. ಬೀದಿ ನಲ್ಲಿಯ ಮುಂದೆ ಜಗಳವಿಲ್ಲ, ಬೈಗುಳವಿಲ್ಲ. ಅಕ್ಕಯಮ್ಮ ಬಿಂದಿಗೆ ಇಟ್ಟ ಕೂಡಲೇ ತುಂಬುತ್ತಿತ್ತು. ತುಂಬಿದ ಮೇಲೂ ಅವಳು ನಲ್ಲಿ ನಿಲ್ಲಿಸಿ ಒಂದಿಷ್ಟು ಹೊತ್ತು ಅಲ್ಲೇ ನಿಂತಿರುತ್ತಿದ್ದಳು.

ಕಾರ್ಡು ಕಳೆದಿದೆ ಅಂತ ಪೊಲೀಸರಿಂದ ಬರೆಸಿಕೊಂಡು ಬಾ ಎಂದು ಬೋರ್ಡಿನವರು ಕಳಿಸಿದ್ದರು. ಸ್ಟೇಷನ್ನಿನಲ್ಲಿ ಮೀಸೆಯ ದಫೇದಾರ “ಎಲ್ಲಿ ಕಳ್ದೋಯ್ತು?” ಎಂದ. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು.

“ಎಲ್ಲಿದೆ ಅಂತ ಗೊತ್ತಲ್ಲಮ್ಮ ನಿಂಗೆ! ಗೊತ್ತಿದ್ಮೇಲೆ ಕಳ್ದೋಗಿದೆ ಅಂತ ಹೆಂಗ್ ಬರೀಲಿ? ನಾಳೆ ನನ್ ಕೆಲ್ಸ ಹೋಗುತ್ತೆ, ನಡಿ.”

“ಬಸ್ಸಲ್ಲಿ ಬಿದ್ದೋಯ್ತು ಅನ್ಬಾರ್ದಿತ್ತಾ, ಪೆದ್ದಮ್ಮ,” ಎಂದಿದ್ದ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದವನು. ಗಂಡನನ್ನು ಮಣ್ಣು ಮಾಡಿದ ಮಾತು. ಅದರಲ್ಲಿ ಸುಳ್ಳು ಬೆರೆಸಲು ಅವಳಿಗೆ ಬಾಯಿ ಬಂದಿರಲಿಲ್ಲ. ಕೊನೆಗೆ ಈ ಕೇಂದ್ರ ಒಂದು ಉಳಿದಿತ್ತು. ಅದೂ ಮುಗಿಯಿತು.

ಮಾರನೆಯ ಬೆಳಗ್ಗೆ ಅವಳು ಮುತ್ತುರಾಜನ ಗೇಟಿನ ಹೊರಗೆ ನಿಂತಿದ್ದಳು. ಜರಗನಹಳ್ಳಿಯ ಹಳೆಯ ಹೊಲಗದ್ದೆಯವರ ಮನೆ. ಹೊಲದಲ್ಲಿ ಈಗ ಬಾಡಿಗೆಮನೆಗಳು ಬೆಳೆದಿವೆ. ಬೋರ್ಡಿನವರ ಪಟ್ಟಿಯಲ್ಲಿ ಯಾರಿರಬೇಕು, ಯಾರಿರಬಾರದು ಎಂದು ನೋಡುವವನು ಅವನೇ. ಅವನ ಮದುವೆಯ ಪಾತ್ರೆಯನ್ನೂ, ಅವನ ಮಗಳ ಮದುವೆಯ ಪಾತ್ರೆಯನ್ನೂ ತೊಳೆದವಳು ಅಕ್ಕಯಮ್ಮ. ಮುತ್ತುರಾಜ ಹಲ್ಲುಜ್ಜುತ್ತಾ ಬಿಳಿಯ ಕಾರಿನ ಪಕ್ಕ ನಿಂತು, ನೊರೆ ಉಗಿದು ಕೇಳಿಸಿಕೊಂಡ.

“ಥೂ, ನಿಮ್ ಜಾತಿಗೆ ಬುದ್ಧಿ ಬರೋದ್ ಯಾವಾಗ್ಲೇ? ಗೌರ್ಮೆಂಟ್ ಕಾರ್ಡ್ನ ಹೆಣದ್ ಜೊತೆ ಹೂತಿದೀಯಲ್ಲೇ ಮುಂಡೆ!”

“ಗೊತ್ತಾಗ್ಲಿಲ್ಲ ಗೌಡ್ರೆ. ನೀವೊಂದ್ ಮಾತ್ ಏಳುದ್ರೆ ಬೋಡ್ನೋರು ಕೀ ಕೊಡ್ತಾರೆ. ಲಿಸ್ಟಲ್ಲಿ ನನ್ ಎಸ್ರೈತಲ್ಲ. ನಾನು ಅಕ್ಕಯಮ್ಮ ಅಂತ ನಿಮ್ಗೆ ಗೊತ್ತಿಲ್ವಾ?”

“ನಂಗೊತ್ತಿದ್ರೆ ಆಯ್ತಾ? ಸಿಸ್ಟಮ್‌ಗೆ ಗೊತ್ತಿರ್ಬೇಕು. ಸಿಸ್ಟಮಲ್ಲಿ ನೀನಿಲ್ಲ.” ಅವನು ಬಾಯಿ ಮುಕ್ಕಳಿಸಿದ. “ಗುದ್ಲಿ ಇದ್ಯಾ ಮನೇಲಿ?”

“ಯಾಕೆ ಗೌಡ್ರೆ?”

“ಹೋಗಿ ಅಗೀ. ಪ್ಲಾಸ್ಟಿಕ್ ಕಾರ್ಡು, ಕೊಳೆಯಲ್ಲ. ತೊಳ್ದು ತಗೊಂಬಾ. ತೊಳ್ಯೋದ್ರಲ್ಲಿ ನಿನ್ ಬಿಟ್ರಿಲ್ವಲ್ಲ.” ಕಾರು ಒರೆಸುತ್ತಿದ್ದ ಆಳು ಕಿಸಕ್ಕೆಂದ. ಅದರಿಂದ ಹುರುಪಾಗಿ ಮುತ್ತುರಾಜ ಅವಳ ಎದೆಯತ್ತ ಗದ್ದ ತೋರಿಸಿದ. “ಹೆಂಗಸ್ರಿಗೆ ದೇವ್ರು ರವಿಕೆ ಕೊಟ್ಟಿರೋದ್ ಯಾಕೆ? ಅಲ್ಲಿಟ್ಕೊಳೋದ್ ಬಿಟ್ಟು ಗಂಡನ್ ಜೇಬಲ್ ಇಡ್ತಾಳಂತೆ. ವಾರದೊಳ್ಗೆ ಜೆಸಿಬಿ ಬರುತ್ತೆ. ಕಾರ್ಡ್ ತಂದ್ರೆ ಕೀ. ಇಲ್ಲಾಂದ್ರೆ ನಿನ್ ಗುಡ್ಲು ಖಾಲಿ ಅಂತ ಬರ್ಸ್ತೀನಿ.”

ಸ್ಮಶಾನ ದೂರವೇನಿರಲಿಲ್ಲ. ಗುಂಡಿ ತೋಡುವ ಭೀಮೇಶ್ ಹುಣಸೆಮರದಡಿ ಇಡ್ಲಿ ತಿನ್ನುತ್ತಾ ಕೂತಿದ್ದವನು ಅವಳನ್ನು ಕಂಡು ಎದ್ದ. ಅವಳು ಬಾಯಿ ಬಿಡುವ ಮೊದಲೇ ಅವನಿಗೆ ವಿಷಯ ಗೊತ್ತಿತ್ತು. ಪದ ಹಾಡಿದ ಅಜ್ಜಿಯ ವಿಡಿಯೋ ಆಗಲೇ ಅವನ ಫೋನಿಗೂ ಬಂದಿತ್ತು; ಬೆನ್ನಿನ ಕಾರ್ಡಿನ ಸಮೇತ ಆ ಫೋನು ಗುಂಡಿಗೆ ಇಳಿದದ್ದನ್ನು ಕಂಡವನೂ ಅವನೇ.

“ಅಗೀಲಾ ಅಕ್ಕ?” ಎಂದ ಅವನು, ಮೆಲ್ಲಗೆ. “ಯಾರ್ಗೂ ಹೇಳಲ್ಲ. ಅಣ್ಣನ್ ಎದೆ ತಂಕ ಮಾತ್ರ ಬಿಡಿಸ್ತೀನಿ. ನೀನ್ ನೋಡ್ಬೇಡ, ಆ ಕಡೆ ತಿರುಗ್ಕೋ. ಮತ್ತೆ ಮುಚ್ಬಿಡ್ತೀನಿ, ಏನಾಗಲ್ಲ.”

ಅಕ್ಕಯಮ್ಮ ದಿಬ್ಬದ ಹತ್ತಿರ ಕೂತಳು. ಮಳೆ ಹನಿದು ದಿಬ್ಬ ಸ್ವಲ್ಪ ಕುಸಿದಿತ್ತು. ಯಾವುದೋ ಬಳ್ಳಿ ಆಗಲೇ ಮೂರೆಲೆ ಬಿಟ್ಟಿತ್ತು. ಭೀಮೇಶ್ ಗುದ್ದಲಿ ತಂದು ನಿಂತ. ಅವಳು ಹೂಂ ಎನ್ನುತ್ತಾಳೆಂದು ಕಾದ. ಅವಳೂ ತಾನು ಹೂಂ ಎನ್ನುವೆನೆಂದೇ ಅಲ್ಲಿಯವರೆಗೆ ಬಂದವಳು. ಗುದ್ದಲಿಯ ತುದಿ ಮಣ್ಣಿಗೆ ತಾಗಿ ಆ ಬಳ್ಳಿ ಅಲುಗಿತು.

“ಬ್ಯಾಡ ತೆಗಿ,” ಎಂದಳು.

“ಅಕ್ಕ, ಮನೆ ಹೋಗುತ್ತೆ.”

“ಓಗ್ಲಿ. ಅವ್ರು ಬದ್ಕಿದ್ದಾಗ ಒಂದ್ ದಿನಾನೂ ಅವ್ರ್ ಜೇಬ್ಗೆ ಕೈ ಆಕ್ದೋಳಲ್ಲ ಕಣಪ್ಪ ನಾನು. ಈಗ ಆಕ್ಲಾ?” ಅವಳು ಕುಸಿದ ಮಣ್ಣನ್ನು ಅಂಗೈಯಿಂದ ಮೇಲಕ್ಕೆ ಎಳೆದು ತಟ್ಟಿದಳು. “ನನ್ನ ಇಲ್ಲ ಅಂದೋರು ಆ ಬೋಡ್ನೋರು. ಅದ್ಕೆ ಇವ್ರನ್ ಯಾಕೆ ಎಬ್ಬುಸ್ಲಿ?”

ಭೀಮೇಶ್ ಗುದ್ದಲಿಯನ್ನು ಮರಕ್ಕೆ ಒರಗಿಸಿದ. ಉಳಿದಿದ್ದ ಇಡ್ಲಿಯ ಪೊಟ್ಟಣವನ್ನು ಅವಳ ಕೈಗಿಟ್ಟ. ಅವಳು ಅದನ್ನು ಹಿಡಿದುಕೊಂಡು ಕಾಲುವೆಯ ದಂಡೆಯಗುಂಟ ನಡೆದು ಬಂದಳು. ದಾರಿಯಲ್ಲಿ ಮಾತಾಡಿಸುವವರು ಯಾರೂ ಸಿಗಲಿಲ್ಲ. ಮನೆ ಸೇರಿ, ಬಾಗಿಲು ತೆಗೆದು, ಬಿಟ್ಟುಹೋದ ಮನೆಗಳ ಬರಿಗೋಡೆಗಳನ್ನು ನೋಡುತ್ತಾ ಹೊಸ್ತಿಲ ಮೇಲೆ ಕೂತು ಇಡ್ಲಿ ತಿಂದಳು. “ತಣ್ಣಗಾಗೈತೆ,” ಎಂದು ಒಮ್ಮೆ ಹೇಳಿದಳು, ಯಾರಿಗೋ.

ಜೆಸಿಬಿ ಬಂದ ದಿನ ಅದು ಮೊದಲು ಆ ತುದಿಯಿಂದ ಶುರು ಮಾಡಿತು. ನಾಗಲಕ್ಷ್ಮಮ್ಮನ ಗೋಡೆ, ಅದರ ಮೇಲಿದ್ದ ದೇವರ ಕ್ಯಾಲೆಂಡರ್ ಸಮೇತ, ಉಸಿರು ಬಿಟ್ಟ ಹಾಗೆ ಕೂತುಬಿಟ್ಟಿತು. ಕೊನೆಗೆ ಉಳಿದದ್ದು ಅಕ್ಕಯಮ್ಮನ ಮನೆ. ಮುಂದಿನ ಶೀಟಿನ ಮೇಲೆ ಹಿಂದಿನ ದಿನವೇ ಯಾರೋ ಕೆಂಪು ಬಣ್ಣದಲ್ಲಿ ‘ಖಾಲಿ’ ಎಂದು ಬರೆದು ಹೋಗಿದ್ದರು. ಅವಳಿಗೆ ಓದಲು ಬರುತ್ತಿರಲಿಲ್ಲ; ಬಣ್ಣ ಹಸಿಯಿದೆಯೆಂದು ಸೆರಗು ತಾಗದ ಹಾಗೆ ಓಡಾಡಿದ್ದಳು.

“ಏ ಮುದ್ಕಿ! ಈಚೆ ಬಾರೇ!” ಮುತ್ತುರಾಜ ಮೂಗಿಗೆ ಕರವಸ್ತ್ರ ಹಿಡಿದು ಕೂಗಿದ. ಅವನ ಪಕ್ಕ ಬೋರ್ಡಿನ ಸಾಹೇಬರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ನಿಂತಿದ್ದರು.

ಅಕ್ಕಯಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಮುದ್ದೆ ತಿರುಗಿಸುವ ಕೋಲಿತ್ತು. ಕೋಲಿನ ತುದಿಯಿಂದ ಬಿಸಿ ಹಿಟ್ಟು ತೊಟ್ಟಿಕ್ಕುತ್ತಿತ್ತು.

“ಯಾರ್ನ ಕರೀತಿದೀರಾ ಗೌಡ್ರೆ?”

“ನಿನ್ನೇ ಕಣೇ. ಇನ್ಯಾರಿದಾರೆ ಇಲ್ಲಿ?”

“ನಾನಿಲ್ವಲ್ಲ.”

“ಏನಂದೆ?”

“ನೀವೇ ಅಂದ್ರಲ್ಲ, ನಾನಿಲ್ಲ ಅಂತ. ಬೆಳ್ಳು ನೋಡಿ ಇಲ್ಲ ಅಂದ್ರು. ಕಣ್ಣ್ ನೋಡಿ ಇಲ್ಲ ಅಂದ್ರು. ಟೇಸನ್ನಾಗೆ ಇಲ್ಲ ಅಂದ್ರು. ಕೀ ಕೇಳಕ್ ಬಂದ್ರೆ ನಾನಿಲ್ಲ. ಎಬ್ಬುಸಕ್ ಬಂದಾಗ ಮಾತ್ರ ಎಂಗಿದೀನಿ? ಯಾವ್ ಬೋಳಿಮಗ ಇಲ್ಲದೋಳ್ನ ಎಬ್ಬುಸ್ತಾನೆ, ನಾನೂ ನೋಡ್ತೀನಿ.”

ಅವಳು ಒಳಗೆ ಹೋದಳು. ತಗಡಿನ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು, ಅದರ ಹಿಂದೆ ಏನನ್ನೋ ಭಾರವಾದದ್ದನ್ನು ಬಾಗಿಲಿಗೆ ಎಳೆದು ಒತ್ತಿದ ಸದ್ದು.

ಮುತ್ತುರಾಜನ ಮುಖ ಕಪ್ಪಿಟ್ಟಿತು. ಜೆಸಿಬಿಯ ಮೇಲೆ ಕೂತಿದ್ದ ಸಂಗಮೇಶನ ಕಡೆ ತಿರುಗಿದ. “ಏನ್ ನೋಡ್ತಿದೀಯಲೇ? ಹಾಕು ಬಕೆಟ್ಟು.”

“ಒಳಗ ಮುದುಕಿ ಅದಾಳ್ರಿ ಗೌಡ್ರ,” ಎಂದ ಸಂಗಮೇಶ.

“ಖಾಲಿ ಅಂತ ಬರ್ದಿರೋದು ಕಾಣಲ್ವಾ? ನಿನ್ನಮ್ಮನ್, ಕನ್ನಡ ಬರಲ್ವಾ ನಿಂಗೆ?”

“ಓದಾಕ ಬರತೈತ್ರಿ. ಹೊಗಿ ಬರಾಕತ್ತೈತಲ್ರಿ ಮ್ಯಾಲಿಂದ.”

“ಸಾಹೇಬ್ರೆ, ನೀವ್ ಹೇಳಿ ಇವನಿಗೆ.”

ಸಾಹೇಬರು ಮೊಬೈಲನ್ನೇ ನೋಡುತ್ತಿದ್ದರು. “ರೆಕಾರ್ಡ್ ಪ್ರಕಾರ ಖಾಲಿನೇಪ್ಪ,” ಎಂದರು. ಮತ್ತೆ, ಸ್ವಲ್ಪ ಹಿಂದಕ್ಕೆ ಸರಿದು, “ನಾನು ಫೀಲ್ಡಲ್ಲಿ ಇಲ್ಲ ಅಂದ್ಕೊಳ್ಳಿ,” ಎಂದು ಕಾರಿನ ಕಡೆ ನಡೆದರು.

ಮುತ್ತುರಾಜ ತಾನೇ ಜೆಸಿಬಿಯ ಮೆಟ್ಟಿಲು ಹತ್ತಿ ಸಂಗಮೇಶನ ಕೊರಳಪಟ್ಟಿ ಹಿಡಿದ. ಸಂಗಮೇಶ ಲಿವರು ಎಳೆದ; ಬಕೆಟ್ಟು ಜರ್‍ರೆಂದು ಎದ್ದು ಶೀಟಿನ ಮೇಲೆ ಬಂದು ತೂಗಿತು. ಅದರ ಹಲ್ಲುಗಳಿಂದ ಕಾಲುವೆಯ ಕರಿ ಕೆಸರು ಒಂದೊಂದೇ ಹನಿಯಾಗಿ ಬಿಸಿ ತಗಡಿನ ಮೇಲೆ ಬಿದ್ದು ಚುರ್ ಎನ್ನುತ್ತಿತ್ತು. ಕೆಳಗೆ, ಒಳಗೆ, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿಹಿಡಿದು ಅಕ್ಕಯಮ್ಮ ಕೋಲು ತಿರುಗಿಸುತ್ತಿದ್ದಳು. ಇಂಜಿನ್ನಿನ ಗುರ್‍ರಾಟದ ನಡುವೆಯೂ ಕೋಲು ಪಾತ್ರೆಯ ಅಂಚಿಗೆ ಬಡಿಯುವ ಸದ್ದು ಹೊರಗಿನವರಿಗೆ ಕೇಳುತ್ತಿತ್ತು.